ಬದುವಿನ ತಂಗಡಿ: ಕಿವಿ ನೋಡಿ ಗುರುತಿಸಿ, ಬೀಜ ಹಾಕಿ ಬೆಳೆಸಿ

ತಂಗಡಿ ಹೂವಿನಲ್ಲಿ ಒಂದು ಹನಿ ಮಕರಂದವೂ ಇಲ್ಲ. ಆದರೂ ಬಿಸಿಲೇರುವ ಮುನ್ನವೇ ಹೆಬ್ಬೆರಳ ತುದಿಯಷ್ಟು ದಪ್ಪದ ಕರಿ ದುಂಬಿಗಳು ಅದನ್ನು ಹುಡುಕಿಕೊಂಡು ಬರುತ್ತವೆ. ಹೂವಿನ ಮೇಲೆ ಕೂತ ಕೂಡಲೇ ದುಂಬಿಯ ಸದ್ದು ಬದಲಾಗುತ್ತದೆ. ಹಾರುವಾಗಿನ ಗುಂಯ್ ಎಂಬ ದಪ್ಪ ದನಿ ನಿಂತು, ತುಂಡು ತುಂಡಾದ ಚೂಪು ಝೇಂಕಾರ ಕೇಳಿಸುತ್ತದೆ. ಆ ಸದ್ದು ಹೊರಡದಿದ್ದರೆ ಹೂವು ತನ್ನ ಪರಾಗವನ್ನು ಬಿಟ್ಟುಕೊಡುವುದಿಲ್ಲ.

ಚಳ್ಳಕೆರೆ–ಬಳ್ಳಾರಿ ಹೆದ್ದಾರಿಯಲ್ಲಿರುವ ಬಿ.ಜಿ. ಕೆರೆಯ ಸುತ್ತಮುತ್ತ, ಮೊಳಕಾಲ್ಮುರು ಕಡೆಯ ಬಂಡೆಗುಡ್ಡಗಳ ಬುಡದಲ್ಲಿ, ಶೇಂಗಾ ಹೊಲಗಳ ಬದುಗಳ ಮೇಲೆ ಈ ಪೊದೆ ಯಾರೂ ನೆಡದೆ, ಯಾರೂ ನೀರೆರೆಯದೆ ಬೆಳೆಯುತ್ತದೆ. ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿಲಿಮೀಟರ್ ಆಸುಪಾಸು. ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಕೆಮ್ಮಣ್ಣು ತೆಳು, ಕೆಳಗೆ ಗರಸು, ಅದರ ಕೆಳಗೆ ಕಲ್ಲು. ಇಂಥ ನೆಲದಲ್ಲಿ ಮಳೆಯ ನಂತರ ಆಳೆತ್ತರದ ಪೊದೆಯೊಂದು ತುದಿಯಿಂದ ತುದಿಗೆ ಹಳದಿಯಾಗಿ ನಿಂತಿದ್ದರೆ ಅದು ಬಹುಪಾಲು ತಂಗಡಿಯೇ. ಹೊನ್ನಾವರಿಕೆ, ಆವರಿಕೆ ಎಂದೂ ಅದನ್ನು ಕರೆಯುತ್ತಾರೆ. ಗಡಿಯಾಚೆಯ ರಾಯದುರ್ಗ, ಕಲ್ಯಾಣದುರ್ಗದವರಿಗೆ ಅದು ತಂಗೇಡು. ತೆಲಂಗಾಣ 2014ರಲ್ಲಿ ರಾಜ್ಯವಾದಾಗ ಇದನ್ನೇ ರಾಜ್ಯಪುಷ್ಪವಾಗಿ ಆರಿಸಿಕೊಂಡಿತು. ಅಲ್ಲಿನ ಬತುಕಮ್ಮ ಹಬ್ಬದಲ್ಲಿ ಹೆಂಗಸರು ಜೋಡಿಸುವ ಹೂಗೋಪುರಕ್ಕೆ ತಂಗೇಡು ಹೂವು ಬೇಕೇ ಬೇಕು.

ನಮ್ಮ ನರ್ಸರಿಗಳಲ್ಲಿ ಮಾತ್ರ ತಂಗಡಿ ಸಸಿ ಕೇಳಿದರೆ ಸಿಗುವುದು ಅಪರೂಪ. ಅಲ್ಲಿ ಸಾಲಾಗಿ ಕೂರುವುದು ದೂರದ ನೆಲದ ಹೂಗಿಡಗಳು. ಮಡಿಕೇರಿ, ಊಟಿಯ ಅಂಗಳಗಳಲ್ಲಿ ಸೊಂಪಾಗಿ ಅರಳುವ ಹೈಡ್ರಾಂಜಿಯವನ್ನೇ ನೋಡಿ. ಪೂರ್ವ ಏಷ್ಯಾ ಮೂಲದ ಆ ಗಿಡ ಹುಳಿಮಣ್ಣಿನಲ್ಲಿ ಅಲ್ಯೂಮಿನಿಯಂ ಹೀರಿಕೊಂಡು ನೀಲಿ ಹೂ ಬಿಡುತ್ತದೆ, ಸುಣ್ಣದ ಅಂಶವಿರುವ ಮಣ್ಣಿನಲ್ಲಿ ಅದೇ ಹೂವು ಗುಲಾಬಿಯಾಗುತ್ತದೆ. ಸೊಗಸಾದ ಗಿಡ, ಸಂಶಯವಿಲ್ಲ. ಆದರೆ ಅದರ ಅಗಲ ಎಲೆಗಳಿಗೆ ತಂಪು ಬೇಕು, ಬೇರಿಗೆ ಸದಾ ತೇವ ಬೇಕು. ಚಳ್ಳಕೆರೆಯ ಏಪ್ರಿಲ್ ಬಿಸಿಲಿನಲ್ಲಿ ಅದನ್ನು ಉಳಿಸಲು ಹೊರಟವರು ಕುಡಿಯುವ ನೀರನ್ನೇ ಸುರಿಯಬೇಕಾಗುತ್ತದೆ. ತಂಗಡಿಗೆ ಬೇರೂರುವ ಮೊದಲ ವರ್ಷ ಒಂದಿಷ್ಟು ಆರೈಕೆ ಸಾಕು.

ಎಲೆಬುಡದ ಕಿವಿ

ಹಳದಿ ಹೂ ಬಿಡುವ ಗಿಡವೆಲ್ಲ ತಂಗಡಿಯಲ್ಲ. ದಾರಿಯಲ್ಲಿ ಕಂಡ ಹಳದಿಯನ್ನೆಲ್ಲ ಅದೇ ಹೆಸರಿನಿಂದ ಕರೆಯುವುದುಂಟು, ಮೊಬೈಲ್ ಆ್ಯಪ್‌ಗಳೂ ತಪ್ಪು ಹೇಳುವುದುಂಟು. ಗುರುತು ಹಿಡಿಯಲು ಹೂವಿಗಿಂತ ಎಲೆಯ ಬುಡವೇ ಒಳ್ಳೆಯ ಸಾಕ್ಷಿ.

ಒಂದು ಟಿಸಿಲನ್ನು ಕೈಯಲ್ಲಿ ಹಿಡಿದು, ಎಲೆಯ ತೊಟ್ಟು ಕೊಂಬೆಗೆ ಸೇರುವ ಜಾಗವನ್ನು ನೋಡಬೇಕು. ಅಲ್ಲಿ ಎರಡೂ ಬದಿಗೆ ದುಂಡಗಿನ, ಅಗಲವಾದ ಹಸಿರು ಪಟ್ಟಿಗಳು ಕೊಂಬೆಗೆ ಅಂಟಿಕೊಂಡಂತೆ ನಿಂತಿರುತ್ತವೆ. ಇವು ಎಲೆಗಳಲ್ಲ, ಸಸ್ಯಶಾಸ್ತ್ರದವರು ಕಾವಿನೆಲೆ ಎನ್ನುವ ಭಾಗ. ಬೇರೆ ಬಹಳಷ್ಟು ಗಿಡಗಳಲ್ಲಿ ಕಾವಿನೆಲೆ ನೂಲಿನಷ್ಟು ಸಣ್ಣದಿದ್ದು, ಚಿಗುರು ಬಲಿಯುವ ಮೊದಲೇ ಉದುರಿಹೋಗುತ್ತದೆ. ತಂಗಡಿಯಲ್ಲಿ ಅದು ಕಿವಿಯ ಆಕಾರದಲ್ಲಿ ಬೆಳೆದು, ಒಂದು ಮೂಲೆ ಸೂಜಿಯಂತೆ ಚಾಚಿಕೊಂಡು, ಎಲೆ ಇರುವಷ್ಟು ಕಾಲವೂ ಉಳಿಯುತ್ತದೆ. 1753ರಲ್ಲಿ ಲಿನೇಯಸ್ ಈ ಗಿಡಕ್ಕೆ ಕ್ಯಾಸಿಯಾ ಆರಿಕ್ಯುಲೇಟ ಎಂದು ಹೆಸರಿಟ್ಟಿದ್ದು ಈ ಕಿವಿಯ ಲಕ್ಷಣದಿಂದಲೇ. ಭಾರತದ ಸಸ್ಯಗಳನ್ನು ದಾಖಲಿಸಿದ ವಿಲಿಯಂ ರಾಕ್ಸ್‌ಬರ್ಗ್ ಇದನ್ನು ಸೆನ್ನಾ ಕುಲಕ್ಕೆ ಸೇರಿಸಿದರು. 1982ರಲ್ಲಿ ಇರ್ವಿನ್ ಮತ್ತು ಬಾರ್ನಬಿ ಎಂಬ ಇಬ್ಬರು ಸಸ್ಯವಿಜ್ಞಾನಿಗಳು ಹಳೆಯ ಕ್ಯಾಸಿಯಾ ಗುಂಪನ್ನು ಮೂರು ಕುಲಗಳಾಗಿ ಒಡೆದ ಮೇಲೆ ಸೆನ್ನಾ ಆರಿಕ್ಯುಲೇಟ ಎಂಬ ಹೆಸರೇ ಗಟ್ಟಿಯಾಯಿತು.

ಎರಡನೆಯ ಗುರುತು ಎಲೆಯ ನಡುದಂಟಿನಲ್ಲಿದೆ. ಒಂದೊಂದು ಎಲೆಯಲ್ಲಿ ಎಂಟರಿಂದ ಹನ್ನೆರಡು ಜೊತೆ ಕಿರುಎಲೆಗಳಿರುತ್ತವೆ, ತುದಿಯಲ್ಲಿ ಒಂಟಿ ಎಲೆ ಇರುವುದಿಲ್ಲ. ಪ್ರತಿ ಜೊತೆಯ ನಡುವೆಯೂ ನೆಟ್ಟಗೆ ನಿಂತ ಒಂದು ಸಣ್ಣ ಗ್ರಂಥಿ ಕಾಣುತ್ತದೆ, ಭೂತಗನ್ನಡಿ ಹಿಡಿದರೆ ಇನ್ನೂ ಸ್ಪಷ್ಟ. ಸೆನ್ನಾ ಕುಲದ ಅನೇಕ ಗಿಡಗಳಲ್ಲಿ ಇಂಥ ಗ್ರಂಥಿಗಳು ಸಿಹಿ ದ್ರವವನ್ನು ಒಸರುತ್ತವೆ. ಅದನ್ನು ನೆಕ್ಕಲು ಬರುವ ಇರುವೆಗಳು ಎಲೆ ತಿನ್ನುವ ಹುಳುಗಳನ್ನು ಓಡಿಸುತ್ತವೆ. ಹೂವಿನಲ್ಲಿ ಇಲ್ಲದ ಸಿಹಿ ಎಲೆಯಲ್ಲಿ ಇರುವುದು ಹೀಗೆ.

ಮೂರನೆಯದು ಕಾಯಿ. ತೆಳ್ಳಗೆ, ಚಪ್ಪಟೆಯಾಗಿ, ಒಣಗಿದಾಗ ತಿಳಿಕಂದು ಬಣ್ಣದ ಕಾಗದದಂತೆ ಸರಸರ ಎನ್ನುವ ಈ ಕಾಯಿ ಏಳರಿಂದ ಹನ್ನೊಂದು ಸೆಂಟಿಮೀಟರ್ ಉದ್ದವಿರುತ್ತದೆ. ಒಳಗೆ ಹನ್ನೆರಡರಿಂದ ಇಪ್ಪತ್ತು ಬೀಜ, ಒಂದೊಂದಕ್ಕೂ ಬೇರೆ ಬೇರೆ ಗೂಡು. ಬೆಳಕಿಗೆ ಹಿಡಿದರೆ ಬೀಜಗಳ ಸಾಲು ಹೊರಗಿನಿಂದಲೇ ಎಣಿಸಲು ಸಿಗುತ್ತದೆ.

ಈ ಮೂರೂ ಗೊತ್ತಿದ್ದರೆ ನೆಂಟರ ನಡುವೆ ತಂಗಡಿಯನ್ನು ಬೇರ್ಪಡಿಸುವುದು ಕಷ್ಟವಲ್ಲ. ಕಕ್ಕೆ ಮರವಾಗುತ್ತದೆ. ಅದರ ಹೂಗೊಂಚಲು ಕೆಳಗೆ ಇಳಿಬೀಳುತ್ತದೆ, ಕಾಯಿ ಕೋಲಿನಷ್ಟು ಉದ್ದ. ರಸ್ತೆ ಬದಿಯಲ್ಲಿ ನೆಟ್ಟ ಸೀಮೆ ತಂಗಡಿಯೂ ಮರವೇ, ಅದಕ್ಕೆ ಕಿವಿಯಿಲ್ಲ. ಮಳೆಗಾಲದಲ್ಲಿ ಪಾಳುಜಾಗದಲ್ಲೆಲ್ಲ ಏಳುವ ತಗಚೆ ಮೊಣಕಾಲೆತ್ತರದ ಕಳೆ, ಎಲೆಗೆ ಮೂರೇ ಜೊತೆ ಕಿರುಎಲೆ, ಕಾಯಿ ಕುಡುಗೋಲಿನಂತೆ ಬಾಗಿದ ಸಪೂರ ಕಡ್ಡಿ. ದೊಡ್ಡ ತಗಚೆ ಎನ್ನುವ ಸೆನ್ನಾ ಆಕ್ಸಿಡೆಂಟಾಲಿಸ್ ಇನ್ನೊಂದು. ಎಲೆಯನ್ನು ಉಜ್ಜಿದರೆ ಕೆಟ್ಟ ವಾಸನೆ, ಕಿರುಎಲೆಯ ತುದಿ ಚೂಪು, ತೊಟ್ಟಿನ ಬುಡದಲ್ಲಿ ಒಂದೇ ಒಂದು ಗ್ರಂಥಿ.

ಈ ಕೊನೆಯದನ್ನು ಎಚ್ಚರದಿಂದ ಗುರುತಿಸಬೇಕು. ಪಶ್ಚಿಮ ಉತ್ತರ ಪ್ರದೇಶದಲ್ಲಿ ವರ್ಷ ವರ್ಷವೂ ಮಕ್ಕಳು ಮೆದುಳು ಜ್ವರದಂಥ ಕಾಯಿಲೆಯಿಂದ ಸಾಯುತ್ತಿದ್ದುದಕ್ಕೆ ವೈರಸ್ ಕಾರಣವಲ್ಲ, ಆಟವಾಡುತ್ತ ತಿಂದ ಈ ಗಿಡದ ಬೀಜಗಳೇ ಕಾರಣ ಎಂಬುದನ್ನು ವೈದ್ಯರ ತಂಡವೊಂದು 2007ರಲ್ಲಿ ಪ್ರಕಟಿಸಿತು. ಮನೆಮದ್ದಿಗೆಂದು ತಂಗಡಿ ಹೂವು ಕೀಳಲು ಹೋಗುವವರು ಮೊದಲು ಕಿವಿ ನೋಡುವುದು ಈ ಕಾರಣಕ್ಕಾಗಿಯೂ ಅಗತ್ಯ.

ಕಂಪಿಸಿದರೆ ಮಾತ್ರ ಪರಾಗ

ಈಗ ಹೂವಿಗೆ ಬರೋಣ. ಅಂಗೈ ಮೇಲಿಟ್ಟರೆ ಐದು ಸೆಂಟಿಮೀಟರ್‌ನಷ್ಟು ಅಗಲ. ಐದು ಹಳದಿ ದಳ, ಅಂಚಿನಲ್ಲಿ ನಸು ಸುಕ್ಕು, ಮೇಲೆ ಕಂದು ಗೆರೆಗಳ ಜಾಲ. ನಡುವೆ ಹತ್ತು ಕೇಸರಗಳಿವೆ, ಆದರೆ ಹತ್ತೂ ಒಂದೇ ತರಹದವಲ್ಲ. ಮೇಲ್ಭಾಗದ ಮೂರು ಕುಬ್ಜ, ಬರಡು, ಅವುಗಳಲ್ಲಿ ಉಪಯುಕ್ತ ಪರಾಗವಿಲ್ಲ. ನಡುವಿನ ನಾಲ್ಕು ಗಿಡ್ಡ. ಕೆಳಗಿನ ಮೂರು ಉದ್ದವಾಗಿ, ಹೊರಕ್ಕೆ ಬಾಗಿಕೊಂಡು ನಿಂತಿರುತ್ತವೆ. ಅವುಗಳ ಜೊತೆಗೇ ಹೆಣ್ಣು ಭಾಗವಾದ ಶಲಾಕೆಯೂ ಬಿಲ್ಲಿನ ಹಾಗೆ ಬಾಗಿರುತ್ತದೆ.

ದಾಸವಾಳದಂಥ ಹೂವಿನಲ್ಲಿ ಪರಾಗಕೋಶ ಉದ್ದಕ್ಕೆ ಬಿರಿದು ಪುಡಿ ಹೊರಗೆ ಬರುತ್ತದೆ, ಬೆರಳು ತಾಗಿದರೂ ಅಂಟುತ್ತದೆ. ತಂಗಡಿಯ ಪರಾಗಕೋಶ ಬಿರಿಯುವುದಿಲ್ಲ. ಊಟದ ಮೇಜಿನ ಉಪ್ಪಿನ ಡಬ್ಬಿಗಿರುವಂತೆ ಅದರ ತುದಿಯಲ್ಲಿ ಸಣ್ಣ ರಂಧ್ರ ಮಾತ್ರ ಇರುತ್ತದೆ. ಒಳಗಿನ ಒಣ, ಹಗುರ ಪರಾಗ ಹೊರಬರಬೇಕಾದರೆ ಅದನ್ನು ಕುಲುಕಬೇಕು. ಗಾಳಿಗೆ ಗಿಡ ತೂಗಾಡಿದರೆ ಸಾಲದು, ಸೆಕೆಂಡಿಗೆ ನೂರಾರು ಸಲ ಅದುರುವ ಸೂಕ್ಷ್ಮ ಕಂಪನ ಬೇಕು.

ಅದನ್ನು ಒದಗಿಸುವುದು ದುಂಬಿಯ ಎದೆ. ಒಣಮರವನ್ನು ಕೊರೆದು ಗೂಡು ಮಾಡುವ ಈ ಕರಿ ದುಂಬಿ ಝೈಲೊಕೋಪ ಕುಲದ್ದು, ಜೇನುಗಳ ಬಳಗಕ್ಕೆ ಸೇರಿದ್ದು. ಹೂವಿಗೆ ಬಂದ ಅದು ಕೇಸರಗಳನ್ನು ಕಾಲುಗಳಿಂದ ತಬ್ಬಿ, ಹೊಟ್ಟೆಯನ್ನು ಬಾಗಿಸಿ ಅಪ್ಪಿ ಹಿಡಿಯುತ್ತದೆ. ಆಮೇಲೆ ರೆಕ್ಕೆಗಳನ್ನು ಬೆನ್ನಿನ ಮೇಲೆ ಮಡಿಸಿಟ್ಟು, ಹಾರಲು ಬಳಸುವ ಅದೇ ಸ್ನಾಯುಗಳನ್ನು ರೆಕ್ಕೆ ಬಡಿಯದೆ ಅದುರಿಸುತ್ತದೆ. ಮೈಯ ಕಂಪನ ನೇರವಾಗಿ ಪರಾಗಕೋಶಕ್ಕೆ ದಾಟುತ್ತದೆ, ಒಳಗಿನ ಪುಡಿ ರಂಧ್ರದಿಂದ ಚಿಮ್ಮುತ್ತದೆ. ನಾವು ಕೇಳುವ ಚೂಪು ಝೇಂಕಾರ ಇದೇ. ನೀಲಿ ಪಟ್ಟೆಗಳಿರುವ ಅಮೆಜಿಲ್ಲ ಎಂಬ ಸಣ್ಣ ಒಂಟಿಜೇನಿಗೂ ಈ ವಿದ್ಯೆ ಗೊತ್ತು. ತುಡುವೆಗೆ, ಕೋಲುಜೇನಿಗೆ ಗೊತ್ತಿಲ್ಲ. ಅವು ತಂಗಡಿಗೆ ಬಂದರೂ ದಳದ ಮೇಲೆ ಚೆಲ್ಲಿದ್ದನ್ನು ಆಯ್ದುಕೊಂಡು ಹೋಗುತ್ತವೆ.

ಕೇಸರಗಳಲ್ಲಿ ಗಿಡ್ಡ, ಉದ್ದ ಎಂಬ ಭೇದ ಯಾಕೆ? ಪರಾಗ ದುಂಬಿಮರಿಗಳಿಗೆ ಆಹಾರ. ಬಂದ ದುಂಬಿ ಎಲ್ಲವನ್ನೂ ಗೂಡಿಗೆ ಹೊತ್ತೊಯ್ದರೆ ಇನ್ನೊಂದು ಹೂವಿಗೆ ತಲುಪಲು ಏನೂ ಉಳಿಯುವುದಿಲ್ಲ. ಅದಕ್ಕೆ ಹೂವು ಕೆಲಸವನ್ನು ಹಂಚಿದೆ. ದುಂಬಿ ಹಿಡಿದು ಅದುರಿಸುವುದು ನಡುವಿನ ಗಿಡ್ಡ ಕೇಸರಗಳನ್ನು, ಅಲ್ಲಿನ ಪರಾಗ ಅದರ ಊಟಕ್ಕೆ. ಅದೇ ಹೊತ್ತಿಗೆ ಉದ್ದ ಕೇಸರಗಳಿಂದ ಚಿಮ್ಮುವ ಪರಾಗ ದುಂಬಿಯ ಬದಿಗೆ, ಬೆನ್ನಿಗೆ, ಅದರ ಕಾಲು ಸುಲಭಕ್ಕೆ ತಲುಪದ ಕಡೆಗೆ ಅಂಟಿಕೊಳ್ಳುತ್ತದೆ. ಮುಂದಿನ ಹೂವಿನ ಬಾಗಿದ ಶಲಾಕೆ ಸವರುವುದು ಅದೇ ಜಾಗವನ್ನು. ಹೂವಿನೊಳಗಿನ ಈ ಕೆಲಸ ಹಂಚಿಕೆಯನ್ನು 1880ರ ದಶಕದಲ್ಲಿ ಬರೆದಿಟ್ಟವರು ಫ್ರಿಟ್ಸ್ ಮ್ಯುಲರ್ ಮತ್ತು ಹರ್ಮನ್ ಮ್ಯುಲರ್ ಎಂಬ ಅಣ್ಣತಮ್ಮಂದಿರು. ಒಬ್ಬರು ಬ್ರೆಜಿಲ್‌ನಲ್ಲಿ ಕೂತು, ಇನ್ನೊಬ್ಬರು ಜರ್ಮನಿಯಲ್ಲಿ ಕೂತು ಗಮನಿಸಿದವರು. ಸೆನ್ನಾ ಕುಲದ ಅನೇಕ ಗಿಡಗಳಲ್ಲಿ ಒಂದು ಹೂವಿನ ಶಲಾಕೆ ಎಡಕ್ಕೆ, ಇನ್ನೊಂದರದ್ದು ಬಲಕ್ಕೆ ಬಾಗಿರುವುದೂ ಉಂಟು. ಎಡಬದಿಗೆ ಅಂಟಿದ ಪರಾಗ ಹೀಗೆ ಎದುರು ಬಗೆಯ ಹೂವಿಗೆ ಸೇರುತ್ತದೆ.

ಪ್ರೌಢಶಾಲೆಯ ಪ್ರಯೋಗಾಲಯದಲ್ಲಿರುವ ಶ್ರುತಿಕವೆಯಿಂದ ಇದನ್ನು ಮಕ್ಕಳಿಗೆ ತೋರಿಸಬಹುದು. ಅಂದು ಬೆಳಿಗ್ಗೆ ಅರಳಿದ ಹೂವಿನ ಕೆಳಗೆ ಕಪ್ಪು ಕಾಗದ ಹಿಡಿದು, ರಬ್ಬರ್ ತುಂಡಿಗೆ ಬಡಿದ ಶ್ರುತಿಕವೆಯನ್ನು ಕೇಸರದ ಬುಡಕ್ಕೆ ತಾಗಿಸಬೇಕು. ಕಾಗದದ ಮೇಲೆ ಹಳದಿ ಪುಡಿ ಉದುರುತ್ತದೆ. ಧ್ವನಿಯ ಪಾಠ, ಪರಾಗಸ್ಪರ್ಶದ ಪಾಠ ಎರಡೂ ಒಂದೇ ಹೂವಿನಲ್ಲಿ ಮುಗಿಯುತ್ತವೆ.

ಇದರಲ್ಲಿ ರೈತರಿಗೂ ಲಾಭವಿದೆ. ಬದನೆ, ಟೊಮೆಟೊ ಹೂವಿನ ಪರಾಗಕೋಶಗಳು ಪರಾಗ ಬಿಡುವುದೂ ತುದಿಯಿಂದ, ಅದುರಿಸಿದಾಗ. ಟೊಮೆಟೊ ತನ್ನ ಪರಾಗದಿಂದಲೇ ಕಾಯಿಕಟ್ಟಬಲ್ಲುದಾದರೂ, ದುಂಬಿ ಅದುರಿಸಿದ ಹೂವಿನಲ್ಲಿ ಕಾಯಿ ಚೆನ್ನಾಗಿ ಕಚ್ಚುತ್ತದೆ. ತೊಗರಿ ಹೂವಿಗೂ ಕರಿ ದುಂಬಿ ಖಾಯಂ ಗಿರಾಕಿ. ಬೆಳೆಯಲ್ಲಿ ಹೂವಿಲ್ಲದ ತಿಂಗಳುಗಳಲ್ಲಿ ಈ ದುಂಬಿಗಳ ಹೊಟ್ಟೆ ನಡೆಯಬೇಕಲ್ಲ? ಬದುವಿನ ತಂಗಡಿ ಆ ಕೆಲಸ ಮಾಡುತ್ತದೆ. ಮಕರಂದಕ್ಕೆ ಬೇರೆ ಹೂ ಬೇಕು. ಗೂಡಿಗೆ ಒಂದೆರಡು ಒಣಕೊರಡು, ಒಣಗಿದ ಕತ್ತಾಳೆ ಹೂಗಂಬ ಬೇಲಿಯಲ್ಲಿ ಉಳಿದಿದ್ದರೆ ದುಂಬಿ ಅಲ್ಲೇ ನೆಲೆಸುತ್ತದೆ.

ತೊಗಟೆಯೊಳಗಿನ ಒಗರು

ಕುರಿ, ಮೇಕೆಗಳ ಸೀಮೆ ಇದು. ಬಾಯಿಗೆ ಸಿಕ್ಕಿದ್ದನ್ನೆಲ್ಲ ಮೇಯುವ ಮಂದೆಗಳ ನಡುವೆಯೂ ತಂಗಡಿ ಉಳಿದಿದೆ. ಮುಳ್ಳಿಲ್ಲದ ಈ ಪೊದೆಯ ಬಲ ಅದರ ಒಗರು. ತೊಗಟೆಯಲ್ಲಿ ನೂರಕ್ಕೆ 15ರಿಂದ 20ರಷ್ಟು ಟ್ಯಾನಿನ್ ಇರುತ್ತದೆ. ಟ್ಯಾನಿನ್ ಪ್ರೋಟೀನನ್ನು ಬಿಗಿಯಾಗಿ ಹಿಡಿಯುವ ವಸ್ತು. ನಾಲಿಗೆ ಒಗರಾಗುವುದು ಜೊಲ್ಲಿನ ಪ್ರೋಟೀನುಗಳು ಅದಕ್ಕೆ ಸಿಕ್ಕಿಕೊಳ್ಳುವುದರಿಂದ.

ಹಸಿ ತೊಗಲಿನಲ್ಲೂ ಆಗುವುದು ಅದೇ. ಅಲ್ಲಿನ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ನಡುವೆ ಟ್ಯಾನಿನ್ ಸೇರಿ, ನೀರನ್ನು ಹೊರದೂಡಿ, ಎಳೆ ಎಳೆಯನ್ನು ಹೆಣೆಯುತ್ತದೆ. ಆಮೇಲೆ ಬ್ಯಾಕ್ಟೀರಿಯಾಗಳು ಅದನ್ನು ಕೊಳೆಸಲಾರವು. ತೊಗಲು ಚರ್ಮವಾಗುತ್ತದೆ. ದಕ್ಷಿಣ ಭಾರತದ ಚರ್ಮ ಹದ ಮಾಡುವ ಕಸುಬು ತಲೆಮಾರುಗಳ ಕಾಲ ನಿಂತಿದ್ದು ತಂಗಡಿ ಚಕ್ಕೆಯ ಮೇಲೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ತನ್ನ ಪ್ರವಾಸದ ದಾಖಲೆಗಳಲ್ಲಿ ಈ ತೊಗಟೆಯ ಬಳಕೆಯನ್ನು ಬರೆದಿಟ್ಟಿದ್ದಾನೆ. ಮದರಾಸಿನಿಂದ ಹಡಗೇರಿದ ಹದ ಮಾಡಿದ ತೊಗಲುಗಳ ತಿಳಿಬಣ್ಣಕ್ಕೂ ಇದೇ ಕಾರಣ. ಮುಂದೆ ದಕ್ಷಿಣ ಆಫ್ರಿಕಾದ ವಾಟಲ್ ತೊಗಟೆ ಬಂತು, ಅದರ ಹಿಂದೆ ಕ್ರೋಮಿಯಂ ಲವಣ ಬಂತು. ತಂಗಡಿ ಚಕ್ಕೆಯ ಪೇಟೆ ಕುಸಿಯಿತು.

ಟ್ಯಾನಿನ್ನಿಗೂ ಹೆದರದ ಒಂದು ಜೀವ ಇದೆ. ಕ್ಯಾಟೊಪ್ಸಿಲಿಯ ಪೈರಾಂತೆ ಎಂಬ, ನಸುಹಸಿರು ಛಾಯೆಯ ಬಿಳಿ ಚಿಟ್ಟೆ ತಂಗಡಿ ಚಿಗುರಿನ ಮೇಲೆ ಒಂದೊಂದಾಗಿ ಮೊಟ್ಟೆ ಇಡುತ್ತದೆ. ಹಸಿರು ಕಂಬಳಿಹುಳು ಎಲೆಯನ್ನೇ ತಿಂದು ಬೆಳೆಯುತ್ತದೆ. ಗಿಡದಲ್ಲಿ ತೂತುಬಿದ್ದ ಎಲೆ ಕಂಡರೆ ಔಷಧ ಹೊಡೆಯುವ ಅಗತ್ಯವಿಲ್ಲ, ಮುಂದಿನ ಮಳೆಗೆ ಗಿಡ ಮತ್ತೆ ಚಿಗುರುತ್ತದೆ.

ಬೆಳೆಸುವ ಬಗೆ

ಬೀಜವನ್ನು ಸುತ್ತಲಿನ ಗಿಡಗಳಿಂದಲೇ ಆರಿಸುವುದು ಒಳ್ಳೆಯದು. ಈ ಮಣ್ಣು, ಈ ಮಳೆಗೆ ಒಗ್ಗಿದ ತಳಿ ಅದು. ಕಾಯಿ ಪೂರ್ತಿ ಕಂದಾಗಿ ಸರಸರ ಎನ್ನುವಾಗ, ಒಂದೇ ಗಿಡವನ್ನು ಬೋಳಿಸದೆ ಹತ್ತಾರು ಗಿಡಗಳಿಂದ ಸ್ವಲ್ಪ ಸ್ವಲ್ಪ ಕೀಳಬೇಕು. ಸುಲಿದ ಮೇಲೆ ತೂತುಬಿದ್ದ ಬೀಜಗಳನ್ನು ಆರಿಸಿ ತೆಗೆಯಬೇಕು. ಕಾಳುಕೊರಕ ದುಂಬಿಗಳು ಒಳಗಿನ ತಿರುಳನ್ನು ತಿಂದಿರುತ್ತವೆ.

ಒಳ್ಳೆಯ ಬೀಜವನ್ನು ಹಾಗೆಯೇ ಬಿತ್ತಿದರೆ ಕೆಲವು ಮಾತ್ರ ಮೊಳೆಯುತ್ತವೆ, ಉಳಿದವು ಮಣ್ಣಿನಲ್ಲಿ ಕಾಯುತ್ತ ಕೂರುತ್ತವೆ. ಹೊರಸಿಪ್ಪೆ ನೀರನ್ನು ಒಳಗೆ ಬಿಡುವುದಿಲ್ಲ. ಮಳೆ ಕೈಕೊಡುವ ನಾಡಿನಲ್ಲಿ ಇದೊಂದು ಭದ್ರತೆ: ಮೊದಲ ಹದಮಳೆಗೆ ಎಲ್ಲ ಬೀಜವೂ ಮೊಳೆತು, ನಂತರ ಒಣ ಹವೆಗೆ ಸಿಕ್ಕಿ ಒಟ್ಟಿಗೆ ಸಾಯುವುದಿಲ್ಲ. ಸಸಿ ಮಾಡುವವರು ಈ ಸಿಪ್ಪೆಯನ್ನು ಸಡಿಲಿಸಬೇಕು. ನೀರನ್ನು ಕುದಿಸಿ, ಒಲೆಯಿಂದ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಬೀಜ ಹಾಕಿ, ರಾತ್ರಿಯಿಡೀ ಹಾಗೆಯೇ ಆರಲು ಬಿಡುವುದು ಸುಲಭದ ದಾರಿ. ಬೆಳಿಗ್ಗೆ ಉಬ್ಬಿದ ಬೀಜಗಳನ್ನು ಬಿತ್ತಬಹುದು. ಉಬ್ಬದಿದ್ದವನ್ನು ಉಪ್ಪುಕಾಗದಕ್ಕೆ ಒಂದೆರಡು ಸಲ ಉಜ್ಜಿ ಮತ್ತೆ ನೆನೆಸಬೇಕು. ಕುದಿಯುತ್ತಿರುವ ನೀರಿನಲ್ಲಿ ಬೇಯಿಸಿದರೆ ಮೊಳಕೆ ಸಾಯುತ್ತದೆ.

ಕೆಮ್ಮಣ್ಣು, ಮರಳು, ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿದ ಉದ್ದನೆಯ ಪಾಲಿಥೀನ್ ಚೀಲ ಸಾಕು. ಬೀಜವನ್ನು ಅದರ ದಪ್ಪದ ಎರಡರಷ್ಟು ಆಳಕ್ಕೆ ಇಟ್ಟರೆ ಒಂದೆರಡು ವಾರದಲ್ಲಿ ಮೊಳಕೆ ಕಾಣುತ್ತದೆ. ತಂಗಡಿಯ ತಾಯಿಬೇರು ಬೇಗ ಕೆಳಗಿಳಿಯುವುದರಿಂದ ಸಸಿಯನ್ನು ಬಹಳ ದಿನ ಚೀಲದಲ್ಲಿ ಇಡಬಾರದು. ಬೇರು ತಳದಲ್ಲಿ ಸುತ್ತಿಕೊಂಡರೆ ಮುಂದೆ ನೆಲದಾಳಕ್ಕೆ ಹೋಗುವುದಿಲ್ಲ, ಗಿಡದ ಬರ ತಾಳುವ ಶಕ್ತಿಯೇ ಹೋಗುತ್ತದೆ. ಎರಡು ಮೂರು ತಿಂಗಳ ಸಸಿಯನ್ನು ಮಳೆಯ ಹದದಲ್ಲಿ ಹೊಲಕ್ಕೆ ಒಯ್ಯುವುದು ಲೇಸು. ಉಪಚರಿಸಿದ ಬೀಜವನ್ನು ಬದುವಿನಲ್ಲಿ ನೇರವಾಗಿ ಊರಿದರೂ ಆದೀತು.

ಬೇಲಿಸಾಲಿಗೆ ಎರಡು ಮೂರು ಅಡಿಗೊಂದು, ಬಿಡಿಗಿಡಕ್ಕೆ ಐದಾರು ಅಡಿ ಜಾಗ. ಪೂರ್ತಿ ಬಿಸಿಲು ಬೇಕು, ನೀರು ನಿಲ್ಲುವ ತಗ್ಗು ಬೇಡ. ಮೊದಲ ಬೇಸಿಗೆಯಲ್ಲಿ ಅಪರೂಪಕ್ಕೊಮ್ಮೆ ನೀರು ಕೊಟ್ಟರೆ ಗಿಡ ಉಳಿಯುತ್ತದೆ, ಒಂದೆರಡು ವರ್ಷದಲ್ಲಿ ಹೂ ಬಿಡುತ್ತದೆ. ಕಾಯಿ ಒಣಗಿದ ಮೇಲೆ, ಮಳೆಗೆ ಮುಂಚೆ ಕೊಂಬೆಗಳನ್ನು ಅರ್ಧಕ್ಕೆ ಸವರಿದರೆ ಪೊದೆ ಒತ್ತಾಗುತ್ತದೆ. ಸವರಿದ ಸೊಪ್ಪು ಹಸಿರೆಲೆ ಗೊಬ್ಬರಕ್ಕೆ, ಕಡ್ಡಿ ಹಲ್ಲುಜ್ಜಲು. ದನಕರು ತಿನ್ನುವುದಿಲ್ಲವೆಂದು ಇದೊಂದನ್ನೇ ಬೇಲಿ ಎಂದು ನಂಬಬಾರದು. ಮುಳ್ಳಿಲ್ಲದ್ದರಿಂದ ನುಗ್ಗುವುದನ್ನು ಅದು ತಡೆಯಲಾರದು. ಕತ್ತಾಳೆ, ಕಳ್ಳಿಯ ಜೊತೆಗಿದ್ದರೆ ಭದ್ರ. ದ್ವಿದಳ ಜಾತಿಯದ್ದಾದ್ದರಿಂದ ನೆಲಕ್ಕೆ ಸಾರಜನಕ ಕೂಡಿಸುತ್ತದೆ ಎಂಬ ನಂಬಿಕೆಯೂ ಇದೆ. ಸೆನ್ನಾ ಕುಲದ ಗಿಡಗಳ ಬೇರಿನಲ್ಲಿ ಶೇಂಗಾ ಬೇರಿನಲ್ಲಿರುವಂಥ ಗಂಟುಗಳು ಇರುವುದಿಲ್ಲ, ಆ ಲೆಕ್ಕ ಇಲ್ಲಿ ನಡೆಯದು.

ಎಲ್ಲಿ ನೆಡಬಾರದು ಎಂಬುದೂ ಮುಖ್ಯ. ಚಳ್ಳಕೆರೆ ತಾಲ್ಲೂಕಿನ ಕುದಾಪುರ, ಉಳ್ಳಾರ್ತಿ ಕಡೆಯ ಅಮೃತಮಹಲ್ ಕಾವಲುಗಳು ಹುಲ್ಲುಗಾವಲುಗಳು. ಕೃಷ್ಣಮೃಗ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳು, ಕುರಿಮಂದೆಗಳು ಬದುಕುವುದು ಆ ಬಯಲಿನಲ್ಲಿ. ಹಸಿರು ಮಾಡುವ ಹುರುಪಿನಲ್ಲಿ ಅಲ್ಲಿ ಯಾವ ಪೊದೆಯನ್ನೂ, ಅದು ನಾಡಗಿಡವೇ ಆದರೂ, ಸಾಲುಹಿಡಿದು ನೆಡಬಾರದು. 1877ರಲ್ಲಿ ಕಡಪ ಸೀಮೆಗೆ ಸೌದೆಗೆಂದು ತಂದ ಬಳ್ಳಾರಿ ಜಾಲಿ ಇಂದು ಕೆರೆಯಂಗಳಗಳನ್ನು, ಗೋಮಾಳಗಳನ್ನು ಹೇಗೆ ಮುಚ್ಚಿದೆ ಎಂಬುದು ಬಿ.ಜಿ. ಕೆರೆಯವರ ಕಣ್ಣೆದುರಿಗೇ ಇದೆ. ಚೆಂದದ ಹಳದಿ ಹೂವಿಗೆಂದು ತಂದ ಸೆನ್ನಾ ಸ್ಪೆಕ್ಟಾಬಿಲಿಸ್ ಮರ ಬಂಡೀಪುರ, ವಯನಾಡಿನ ಕಾಡುಗಳನ್ನು ಹೊಕ್ಕಿದೆ. ತಂಗಡಿಗೆ ತಕ್ಕ ಜಾಗ ಹೊಲದ ಬದು, ಶಾಲೆಯ ಆವರಣ, ರಸ್ತೆಯಂಚು, ಜಾಲಿ ಕಿತ್ತು ಬರಿದಾದ ಗರಸು ನೆಲ.

ಹೂವಿನ ಚಹಾದ ಬಗ್ಗೆ ಒಂದು ಮಾತು. ಒಣಗಿಸಿದ ತಂಗಡಿ ಹೂವನ್ನು ಸಕ್ಕರೆ ಕಾಯಿಲೆಗೆ ಮದ್ದೆಂದು ಈಗ ಪ್ಯಾಕೆಟ್ಟಿನಲ್ಲಿ ಮಾರುತ್ತಾರೆ. ಮಧುಮೇಹ ಬರಿಸಿದ ಇಲಿಗಳಲ್ಲಿ ಹೂವಿನ ಸಾರ ಸಕ್ಕರೆಯ ಮಟ್ಟವನ್ನು ಇಳಿಸಿದ್ದು 2002ರಲ್ಲಿ ಪ್ರಕಟವಾಗಿದೆ. ಇಲಿಯಲ್ಲಿ ಕಂಡ ಫಲವೇ ಮನುಷ್ಯರಿಗೆ ಔಷಧವಾಗುವುದಿಲ್ಲ. ವೈದ್ಯರು ಕೊಟ್ಟ ಮಾತ್ರೆ ಬಿಟ್ಟು ಈ ಚಹಾ ನಂಬುವುದು ಅಪಾಯ.

ಈ ಸಲ ಬೀಜ ಆರಿಸಲು ಹೊರಡುವ ಶಾಲೆಗಳು ಒಂದು ಕೆಲಸ ಹೆಚ್ಚು ಮಾಡಬಹುದು. ಬೀಜ ಕೊಟ್ಟ ಗಿಡದಿಂದ ಎಲೆ, ಹೂ, ಕಾಯಿ ಇರುವ ಟಿಸಿಲೊಂದನ್ನು ಕತ್ತರಿಸಿ, ಹಳೆ ಪತ್ರಿಕೆಗಳ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಊರು, ತಾರೀಖು, ಮಣ್ಣಿನ ಬಗೆಯನ್ನು ಚೀಟಿಯಲ್ಲಿ ಬರೆದಿಡಬೇಕು. ಪಕ್ಕದಲ್ಲೇ ತಗಚೆ, ದೊಡ್ಡ ತಗಚೆ, ಸೀಮೆ ತಂಗಡಿಯ ಹಾಳೆಗಳೂ ಇರಲಿ. ವಿಜ್ಞಾನ ಕೊಠಡಿಯಲ್ಲಿ ಅಂಥ ಹತ್ತು ಹಾಳೆಗಳಿದ್ದರೆ, ಮುಂದಿನ ವನಮಹೋತ್ಸವಕ್ಕೆ ಲಾರಿಯಲ್ಲಿ ಬಂದ ಹಳದಿ ಹೂವಿನ ಸಸಿ ಯಾವುದು, ಅದನ್ನು ನೆಡಬೇಕೋ ಬೇಡವೋ ಎಂಬುದನ್ನು ಏಳನೇ ಕ್ಲಾಸಿನ ಮಕ್ಕಳೇ ಹೇಳಬಲ್ಲರು.